ಮಡಿಲಕ್ಕಿಯ ಕೊಬ್ಬರಿ

(ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮಹಿಳಾ ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಆಡಿದ ಮಾತು)



ನಾನು ಭಾಷಣ ಮಾಡುವವಳಲ್ಲ. ತೆಂಗಿನ ತೋಟದವಳು. ಕಾಯಿ ಆರಿಸಿ ಗೊತ್ತು, ಕೊಬ್ಬರಿ ಸುಲಿದು ಗೊತ್ತು. ಮೈಕ್ ಹಿಡಿದು ಗೊತ್ತಿಲ್ಲ. "ಅಂಡಮಾನಿಗೆ ಹೋಗಿ ಬಂದಿದ್ದೀಯ, ವಿಮಾನದ ವಿಚಾರ ನಾಲ್ಕು ಜನಕ್ಕೆ ಹೇಳು" ಅಂತ ಸಂಘದವರು ಕೂರಿಸಿದ್ದಾರೆ. ಹೇಳುತ್ತೇನೆ. ತಪ್ಪಿದರೆ ನಗಬೇಡಿ.

ನಮ್ಮ ಅಕ್ಕ ಅಂಡಮಾನಿನಲ್ಲಿದ್ದಾಳೆ. ಭಾವನಿಗೆ ಅಲ್ಲಿ ನೌಕರಿ. ಅವಳು ಊರಿಗೆ ಬಂದು ನಾಲ್ಕು ವರ್ಷ ಆಗಿತ್ತು. "ನೀವಾದರೂ ಬಂದು ಹೋಗಿ" ಅಂತ ಫೋನಿನಲ್ಲಿ ಅಳುತ್ತಿದ್ದಳು. ಹಾಗಾಗಿ 2025ರ ಜನವರಿಯಲ್ಲಿ ನಾನು, ನಮ್ಮ ಯಜಮಾನರು, ನಮ್ಮತ್ತೆ, ನನ್ನ ಮಗ, ನಾಲ್ಕು ಜನ ಹೊರಟೆವು. ಅಂಡಮಾನ್ ಅಂದರೆ ಸಮುದ್ರದ ನಡುವಿನ ದ್ವೀಪಗಳು. ಚೆನ್ನೈನಿಂದ ಸುಮಾರು 1,200 ಕಿಲೋಮೀಟರ್ ದೂರ. ಹಡಗಿನಲ್ಲಿ ಹೋದರೆ ಸುಮಾರು ಮೂರು ದಿನ. ವಿಮಾನದಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ. ಅಲ್ಲಿಯ ದೊಡ್ಡ ಊರಿಗೆ ಮೊದಲು ಪೋರ್ಟ್ ಬ್ಲೇರ್ ಅಂತಿದ್ದರು. 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು.

ಹೋಗಿದ್ದು, ನೋಡಿದ್ದು ಎಲ್ಲ ಹೇಳಲು ಹೋದರೆ ಸಂಜೆ ಆಗುತ್ತದೆ. ಜೈಲು ನೋಡಿದೆವು. ಸ್ವಾತಂತ್ರ್ಯಕ್ಕೆ ಹೋರಾಡಿದವರನ್ನು ಒಬ್ಬೊಬ್ಬರನ್ನೇ ಒಂದೊಂದು ಕೋಣೆಯಲ್ಲಿ ಕೂಡಿಹಾಕಿದ ಜೈಲು ಅದು. 1906ರಲ್ಲಿ ಕಟ್ಟಿ ಮುಗಿಸಿದ್ದು. ಕೈದಿಗಳ ಕೈಯಲ್ಲಿ ಗಾಣ ತಿರುಗಿಸಿ ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರಂತೆ, ಎತ್ತಿನ ಬದಲು ಮನುಷ್ಯರು. ಅದನ್ನು ಕೇಳಿ ನಮ್ಮತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಕೊಬ್ಬರಿ ನಮಗೆ ಅನ್ನ ಕೊಡ್ತು, ಇವರಿಗೆ ಹಿಂಗಾಯ್ತಾ?" ಅಂದರು.

ನಾನು ಹೇಳಬೇಕಾದ್ದು ವಾಪಸ್ ಹೊರಟ ದಿನದ್ದು.

ಅವತ್ತು ಬೆಳಿಗ್ಗೆ ಅಕ್ಕ ನನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ಎಲೆ ಅಡಿಕೆ, ಅರಿಶಿನ ಕುಂಕುಮ, ಒಂದು ಕಣ, ಎರಡು ಕೊಬ್ಬರಿ ಬಟ್ಟಲು. ಅಮ್ಮ ಹೋದ ಮೇಲೆ ನನಗೆ ಮಡಿಲು ತುಂಬುವವರು ಯಾರೂ ಇರಲಿಲ್ಲ. ಅಕ್ಕ ತುಂಬುವಾಗ ಇಬ್ಬರಿಗೂ ಮಾತು ಬರಲಿಲ್ಲ. ಕೊಬ್ಬರಿ ಅಲ್ಲಿಯದೇ. ಅಲ್ಲಿ ಕಾಯಿ ಒಡೆದು, ಹೋಳು ಮಾಡಿ ಒಣಗಿಸುತ್ತಾರೆ. ನಮ್ಮ ಉಂಡೆ ಕೊಬ್ಬರಿಯ ಅಂದ ಅದಕ್ಕೆ ಬರುವುದಿಲ್ಲ, ನಿಜ ಹೇಳಬೇಕಲ್ಲ. ಆದರೆ ಅಕ್ಕ ಕೊಟ್ಟದ್ದು. ಎಲ್ಲವನ್ನೂ ಕಣದಲ್ಲಿ ಗಂಟು ಕಟ್ಟಿ ದೊಡ್ಡ ಬ್ಯಾಗಿನಲ್ಲಿಟ್ಟೆ.

ಎರಡು ಗಂಟೆ ಮೊದಲೇ ವಿಮಾನ ನಿಲ್ದಾಣಕ್ಕೆ ಹೋದೆವು. ಇದು ಬಸ್ಸಲ್ಲ, ಓಡಿಹೋಗಿ ಹತ್ತುವುದಕ್ಕೆ. ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಸಾಮಾನು ತೆಗೆದುಕೊಳ್ಳುವ ಕೌಂಟರ್ ಮುಚ್ಚಿಬಿಡುತ್ತಾರೆ. ಬಾಗಿಲಲ್ಲಿ ಟಿಕೆಟ್ಟು, ಆಧಾರ್ ಕಾರ್ಡು ಎರಡನ್ನೂ ನೋಡಿ ಒಳಗೆ ಬಿಟ್ಟರು. ಎರಡರಲ್ಲೂ ಹೆಸರು ಒಂದೇ ಥರ ಇರಬೇಕು. ಬಿಡಲು ಬಂದವರು ಹೊರಗೇ ನಿಲ್ಲಬೇಕು. ಅಕ್ಕ, ಭಾವ ಗಾಜಿನ ಆಚೆ ನಿಂತು ಕೈ ಬೀಸಿದರು.

ಒಳಗೆ ಮೊದಲು ಕೌಂಟರ್. ಇದಕ್ಕೆ ಚೆಕ್-ಇನ್ ಅಂತಾರೆ. ದೊಡ್ಡ ಬ್ಯಾಗನ್ನು ಇಲ್ಲಿ ಒಪ್ಪಿಸಬೇಕು. ಅದು ವಿಮಾನದ ಹೊಟ್ಟೆಗೆ ಹೋಗುತ್ತದೆ. ಸಣ್ಣ ಚೀಲ ನಮ್ಮ ಜೊತೆ. ನಮ್ಮ ಟಿಕೆಟ್ಟಿಗೆ ದೊಡ್ಡದು ತಲೆಗೆ 15 ಕೆ.ಜಿ., ಕೈಚೀಲ 7 ಕೆ.ಜಿ. ಅಂತ ಇತ್ತು. ತೂಕದ ಅಂಕಿ ನಮಗೂ ಕಾಣುವಂತೆ ಇರುತ್ತದೆ. ಮಂಡಿಯಲ್ಲಿ ಕೊಬ್ಬರಿ ತೂಗಿಸಿ ರೂಢಿ ಇರುವವರಿಗೆ ಕಣ್ಣು ಅಲ್ಲಿಗೇ ಹೋಗುತ್ತದೆ, ನನಗೂ ಹೋಯಿತು!

ಕೌಂಟರಿನ ಹುಡುಗಿ ಹಿಂದಿಯಲ್ಲಿ ಏನೋ ಕೇಳಿದಳು. ಪವರ್ ಬ್ಯಾಂಕ್ ಅಂದದ್ದು ತಿಳಿಯಿತು. ಮೊಬೈಲಿಗೆ ಚಾರ್ಜು ತುಂಬುವ ಆ ಡಬ್ಬಿ ದೊಡ್ಡ ಬ್ಯಾಗಿನಲ್ಲಿ ಇರಕೂಡದು, ಕೈಚೀಲದಲ್ಲಿ ಇರಬೇಕು. ಅದನ್ನು ಭಾವ ಮೊದಲೇ ಹೇಳಿದ್ದರು. ಆಮೇಲೆ "ಸೂಖಾ ನಾರಿಯಲ್?" ಅಂದಳು. ನಾರಿಯಲ್ ಅಂದರೆ ತೆಂಗಿನಕಾಯಿ ಅಂತ ಅಷ್ಟು ದಿನದಲ್ಲಿ ಕಲಿತಿದ್ದೆ. ಸೂಖಾ ಅಂದರೇನು? ನಾನು ಕಣ್ಣು ಕಣ್ಣು ಬಿಟ್ಟೆ. ಅವಳು ಮುಂದಿದ್ದ ಒಂದು ಹಲಗೆ ತೋರಿಸಿದಳು. ಬೆಂಕಿಪೊಟ್ಟಣ, ಪಟಾಕಿ, ಗ್ಯಾಸಿನ ಡಬ್ಬಿ, ಹೀಗೆ ಚಿತ್ರಗಳು. ಅದರಲ್ಲಿ ಒಂದು ಕೊಬ್ಬರಿ ಬಟ್ಟಲು! ಅದರ ಮೇಲೆ ಕೆಂಪು ಗೆರೆ ಎಳೆದಿದ್ದರು. ಒಯ್ಯಬಾರದು ಅಂತ ಅರ್ಥ.

ನನ್ನ ಎದೆ ಧಸಕ್ ಅಂದಿತು.

ಯಜಮಾನರು ಕಿವಿಯ ಹತ್ತಿರ ಬಂದು, "ಇಲ್ಲ ಅಂದ್ಬಿಡು. ಎರಡು ಬಟ್ಟಲು, ಯಾರು ನೋಡ್ತಾರೆ?" ಅಂದರು. ನಮ್ಮತ್ತೆ ಇನ್ನೊಂದು ಕಡೆಯಿಂದ, "ಮಡ್ಲಕ್ಕೀಲಿರೋದ್ನ ತೆಗೀಬಾರ್ದು ಕಣವ್ವ, ಒಳ್ಳೇದಲ್ಲ" ಅಂದರು. ಹಿಂದೆ ನಿಂತವರು ಗೊಣಗುತ್ತಿದ್ದರು. ನನ್ನ ಮಗ, "ಅಮ್ಮ, ಬೇಗ" ಅಂತ ಸೆರಗು ಎಳೆಯುತ್ತಿದ್ದ.

ಕೊಬ್ಬರಿಗೆ ಯಾಕೆ ಅಡ್ಡಿ? ಕತ್ತಿಯಲ್ಲ, ಮದ್ದಲ್ಲ. ದೇವರ ಮುಂದೆ ಇಡುವ ವಸ್ತು. ಒಂದು ಗಳಿಗೆ ನನಗೂ ಸಿಟ್ಟು ಬಂತು. ಆಮೇಲೆ ನಮ್ಮ ಅಟ್ಟ ನೆನಪಾಯಿತು. ಕಾಯಿಯನ್ನು ವರ್ಷದ ಹತ್ತಿರ ಅಟ್ಟದಲ್ಲಿ ಯಾಕೆ ಇಡುತ್ತೇವೆ? ನೀರು ಪೂರಾ ಇಂಗಲಿ ಅಂತ. ಹಸಿ ಉಳಿದ ಕೊಬ್ಬರಿಯನ್ನು ಮೂಟೆ ಕಟ್ಟಿದರೆ ಏನಾಗುತ್ತದೆ? ಬೂಷ್ಟು ಹಿಡಿಯುತ್ತದೆ, ಒಳಗೊಳಗೇ ಬಿಸಿಯಾಗುತ್ತದೆ. ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತು ಪಾಲಿಗಿಂತ ಹೆಚ್ಚು ಎಣ್ಣೆ. ಒಲೆ ಹಚ್ಚಲು ಒಂದು ಚೂರು ಸಾಕು, ಗೊತ್ತಲ್ಲ? ಬಿಸಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಏರುತ್ತ ಏರುತ್ತ ತಾನೇ ಹೊತ್ತಿಕೊಳ್ಳಬಹುದು. ಕಡ್ಡಿ ಗೀರಬೇಕಾಗಿಲ್ಲ. ಹಡಗುಗಳಲ್ಲಿ ಕೊಬ್ಬರಿ ತುಂಬಿದಾಗ ಹೀಗೆ ಬೆಂಕಿ ಬಿದ್ದದ್ದುಂಟು. ಅದಕ್ಕೇ ವಿಶ್ವಸಂಸ್ಥೆ ಮಾಡಿರುವ ಅಪಾಯದ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೂ ಒಂದು ನಂಬರ್ ಇದೆ. 1363. ತಾನಾಗಿ ಬಿಸಿಯೇರಿ ಉರಿಯುವ ವಸ್ತುಗಳ ಗುಂಪಿನಲ್ಲಿ ಅದನ್ನು ಇಟ್ಟಿದ್ದಾರೆ. ನಮ್ಮ ದೇಶದಲ್ಲೂ 2022ರಲ್ಲಿ, ವಿಮಾನಕ್ಕೆ ಒಪ್ಪಿಸುವ ಬ್ಯಾಗಿನಲ್ಲಿ ಒಣ ಕೊಬ್ಬರಿ ಕೂಡದು ಅಂತ ಮಾಡಿದರು. ಈ ನಂಬರು, ಇಸವಿ ಎಲ್ಲ ನನಗೆ ಆಮೇಲೆ ತಿಳಿದದ್ದು. ಆವಾಗ ತಲೆಗೆ ಬಂದದ್ದು ಇಷ್ಟೇ: ಮನೆ ಅಟ್ಟಕ್ಕೆ ಬೆಂಕಿ ಬಿದ್ದರೆ ಬಾವಿಯ ನೀರು ಇದೆ, ಊರ ಜನ ಇದ್ದಾರೆ. ಸಮುದ್ರದ ಮೇಲೆ ವಿಮಾನದ ಹೊಟ್ಟೆಯಲ್ಲಿ ಹೊತ್ತಿದರೆ ಯಾರು ಹತ್ತುತ್ತಾರೆ? ನಮ್ಮದು ಎರಡೇ ಬಟ್ಟಲು, ಸರಿ. ಒಬ್ಬೊಬ್ಬರೂ ಎರಡೆರಡು ತಂದರೆ?

ನಾನು "ಹೈ" ಅಂದೆ. ನನಗೆ ಬರುತ್ತಿದ್ದ ಹಿಂದಿ ಅದೊಂದೇ.

ಹುಡುಗಿ ನಕ್ಕಳು. ಬಯ್ಯಲಿಲ್ಲ. ಬ್ಯಾಗು ಪಕ್ಕಕ್ಕೆ ಇಟ್ಟುಕೊಂಡು ತೆಗೆಯಿರಿ ಅಂತ ಸನ್ನೆ ಮಾಡಿದಳು. ಗಂಟು ಬಿಚ್ಚುವಾಗ ನನ್ನ ಕೈ ನಡುಗಿತು. ತೆಗೆದ ಕೊಬ್ಬರಿಯನ್ನು ಕಸದ ಬುಟ್ಟಿಗೆ ಹಾಕಲು ನನ್ನಿಂದ ಆಗಲಿಲ್ಲ. ಯಜಮಾನರು ಭಾವನಿಗೆ ಫೋನ್ ಮಾಡಿದರು. ಪುಣ್ಯಕ್ಕೆ ಅವರು ಇನ್ನೂ ಹೊರಟಿರಲಿಲ್ಲ. ಬಾಗಿಲ ಕಾವಲಿನವರಿಗೆ ಕೊಬ್ಬರಿ ತೋರಿಸಿ, ಕೈ ಮುಗಿದು, ಹೊರಗಿರುವ ಅಕ್ಕನನ್ನು ತೋರಿಸಿದೆ. ಅವರು ಅಲ್ಲೇ ನಿಂತು ಕೊಡಿ ಅಂದರು.

ಅಕ್ಕ ಓಡಿ ಬಂದಳು. ನನಗೆ ಅಳು. "ತಪ್ಪು ತಿಳೀಬೇಡ ಕಣೇ ಅಕ್ಕ" ಅಂದೆ. ಅವಳು ಎರಡು ಬಟ್ಟಲನ್ನೂ ಸೆರಗಿಗೆ ಹಾಕಿಕೊಂಡು, "ಅಳ್ತಾರೇನೇ ಹುಚ್ಚಿ? ಅಕ್ಕಿ ನಿನ್ನತ್ರ ಇರ್ಲಿ, ಕೊಬ್ಬರಿ ನನ್ನತ್ರ. ಅರ್ಧ ಮಡ್ಲು ನಿಂದು, ಅರ್ಧ ನಂದು. ನಾನೇ ಊರಿಗೆ ಬತ್ತೀನಿ, ಆವಾಗ ನೀನು ತುಂಬು" ಅಂದಳು. ನಮ್ಮತ್ತೆ ದೂರದಿಂದ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ.

ಮತ್ತೆ ಕೌಂಟರಿಗೆ ಬಂದೆವು. ಬ್ಯಾಗಿಗೆ ಒಂದು ಉದ್ದ ಚೀಟಿ ಅಂಟಿಸಿದರು. ಅದರ ತುಂಡನ್ನು ನಮಗೆ ಕೊಟ್ಟರು. ಅದನ್ನು ಕಳೆಯಬೇಡಿ, ಬ್ಯಾಗು ಬರದಿದ್ದರೆ ಅದೇ ಸಾಕ್ಷಿ. ಅಂಟಿಸಿದ ಮೇಲೆ ಅಕ್ಷರ ಓದಿ ನೋಡಿ. ನಾವು ಚೆನ್ನೈನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ಬ್ಯಾಗು ಸೀದಾ ಬೆಂಗಳೂರಿಗೆ ಬರಬೇಕಿತ್ತು. ಬೆಂಗಳೂರಿಗೆ ಬಿ, ಎಲ್, ಆರ್ ಅಂತ ಮೂರು ಇಂಗ್ಲಿಷ್ ಅಕ್ಷರ. ನನ್ನ ಮಗ ಬೆರಳಿಟ್ಟು ಓದಿದ, ನಾನೂ ಓದಿದೆ. ಇತ್ತು. ಕೈಗೆ ಬೋರ್ಡಿಂಗ್ ಪಾಸ್ ಕೊಟ್ಟರು. ಅದರಲ್ಲಿ ನಮ್ಮ ಹೆಸರು, ವಿಮಾನದ ನಂಬರ್, ಎಷ್ಟನೇ ಬಾಗಿಲು, ಎಷ್ಟನೇ ಸೀಟು, ಎಷ್ಟು ಹೊತ್ತಿಗೆ ಹತ್ತಬೇಕು, ಎಲ್ಲ ಇರುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಇನ್ನು ಕೈಚೀಲದ ತಪಾಸಣೆ. ಚೀಲ ಒಂದು ಯಂತ್ರದೊಳಗೆ ಹೋಗುತ್ತದೆ, ಒಳಗಿನದೆಲ್ಲ ಪರದೆ ಮೇಲೆ ಕಾಣುತ್ತದೆ. ಹೆಂಗಸರಿಗೆ ಬೇರೆ ಸಾಲು. ಪರದೆ ಕಟ್ಟಿದ ಜಾಗದಲ್ಲಿ ಹೆಂಗಸರೇ ನೋಡುತ್ತಾರೆ, ನಾಚಬೇಕಾಗಿಲ್ಲ. ಹೋಗುವಾಗ ಬೆಂಗಳೂರಿನಲ್ಲಿ ನಮ್ಮತ್ತೆಯ ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದಿಟ್ಟುಕೊಂಡಿದ್ದರು. ಹರಿತವಾದದ್ದು ಕೈಚೀಲದಲ್ಲಿ ಕೂಡದು, ದೊಡ್ಡ ಬ್ಯಾಗಿನಲ್ಲಿ ಇಟ್ಟಿದ್ದರೆ ಉಳಿಯುತ್ತಿತ್ತು. ಹತ್ತು ದಿನ ಅವರು ಇಡೀ ಅಡಿಕೆ ಕಡಿದು ಹಲ್ಲು ನೋಯಿಸಿಕೊಂಡರು.

ಈ ಸಲ ನಿಂತದ್ದು ನನ್ನ ಮಗನ ಚೀಲ. "ಇದು ಯಾರದು?" ಅಂದರು. ಯಜಮಾನರ ಮುಖ ಬಿಳಿಚಿಕೊಂಡಿತು. ತೆಗೆದರೆ ಒಳಗೆ ಕಾಲುಚೀಲದಲ್ಲಿ ಸುತ್ತಿದ ಬಿಳಿ ಹವಳದ ಮೂರು ತುಂಡು! ಶಹೀದ್ ದ್ವೀಪದ ದಂಡೆಯಲ್ಲಿ ಹೆಕ್ಕಿದ್ದನಂತೆ. ಕ್ಲಾಸಿನಲ್ಲಿ ತೋರಿಸುವ ಆಸೆ.

ನಾವು ಅದನ್ನು ಕಲ್ಲು ಅಂದುಕೊಳ್ಳುತ್ತೇವೆ. ಅದು ಕಲ್ಲಲ್ಲ. ಸಣ್ಣ ಸಣ್ಣ ಜೀವಿಗಳು ಒಟ್ಟಿಗೆ ಕಟ್ಟಿದ ಮನೆ. ಮೀನಿಗೆ ಅದೇ ಆಸರೆ, ದಂಡೆಗೆ ಅದೇ ತಡೆಗೋಡೆ. 1972ರ ವನ್ಯಜೀವಿ ಕಾಯಿದೆಯಲ್ಲಿ ಹುಲಿ ಇರುವ ಮೊದಲನೇ ಪಟ್ಟಿಯಲ್ಲೇ ಹವಳವೂ ಇದೆ. ಸತ್ತು ದಂಡೆಗೆ ಬಿದ್ದದ್ದನ್ನೂ ತರುವಂತಿಲ್ಲ. ಜೈಲು ಶಿಕ್ಷೆ ಕೂಡ ಉಂಟು. ಕೆಲವು ಜಾತಿಯ ಶಂಖ, ಚಿಪ್ಪುಗಳಿಗೂ ಹೀಗೇ. ನಾನು ಸಾಗರಿಕ ಅನ್ನುವ ಸರ್ಕಾರಿ ಅಂಗಡಿಯಲ್ಲಿ ಒಂದು ಚಿಪ್ಪಿನ ಸರ ಕೊಂಡಿದ್ದೆ. ಅದರ ರಸೀದಿಯನ್ನು ಪರ್ಸಿನಲ್ಲಿ ಮಡಿಸಿಟ್ಟಿದ್ದೆ. ತೋರಿಸಿದೆ, ಸರ ಬಿಟ್ಟರು. ಹವಳ ತೆಗೆದುಕೊಂಡರು. ಮಗು ಅಂತ ನೋಡಿ, ತಿಳಿಹೇಳಿ ಕಳಿಸಿದರು. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ನಂಬಬೇಡಿ. ಅವನು ವಿಮಾನದಲ್ಲಿ ಕಿಟಕಿ ಕಡೆಗೂ ನೋಡದೆ ಕೂತಿದ್ದ. ನಾನೂ ಹಾಗೇ ಕೂತಿದ್ದೆ. ಇಬ್ಬರದೂ ಒಂದೇ ದುಃಖ.

ನಮ್ಮೂರಿನಿಂದ ಶಬರಿಮಲೆಗೆ ವಿಮಾನದಲ್ಲಿ ಹೋಗುವವರೂ ಈಗ ಇದ್ದಾರಲ್ಲ, ಅವರಿಗೊಂದು ಮಾತು. ಇರುಮುಡಿಯ ತುಪ್ಪದ ಕಾಯಿಯನ್ನು ಕೈಚೀಲದಲ್ಲಿ ಒಯ್ಯಲು 2024ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿದ್ದರು. ಅದು 2025ರ ಜನವರಿ 20ರವರೆಗೆ ಮಾತ್ರ. ಹೋಗುವ ವರ್ಷದ ನಿಯಮವನ್ನು ಕೇಳಿಕೊಂಡೇ ಹೊರಡಿ.

ಊರಿಗೆ ಬಂದ ದಿನ ರಾತ್ರಿ ಗಂಟು ಬಿಚ್ಚಿದೆ. ನಮ್ಮತ್ತೆ ಏನೂ ಹೇಳದೆ ಏಣಿ ಹಾಕಿಸಿ ಅಟ್ಟದಿಂದ ಎರಡು ಕಾಯಿ ಇಳಿಸಿದರು. ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಒಡೆದು ಗಿಟುಕು ತೆಗೆದು ಅಕ್ಕಿಯ ಮೇಲಿಟ್ಟು, "ಈಗ ತುಂಬ್ತು" ಅಂದರು. ಮಾರನೇ ದಿನ ಆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಪಾಯಸ ಮಾಡಿದೆವು. ಅಕ್ಕನಿಗೆ ಫೋನ್ ಮಾಡಿದರೆ ಅವಳೂ ಆ ಬಟ್ಟಲು ತುರಿದು ಕೊಬ್ಬರಿ ಮಿಠಾಯಿ ಮಾಡಿದ್ದಳು. "ನಿಮ್ಮತ್ತೆಗೆ ಹೇಳು, ಇಲ್ಲಿ ಕೊಬ್ಬರಿನೂ ಸಿಹಿಯಾಗೇ ಐತೆ" ಅಂದಳು. ನಮ್ಮತ್ತೆ ಒಪ್ಪಲಿಲ್ಲ.

ಇಷ್ಟೇ ನನ್ನ ಮಾತು. ನನ್ನ ಬೋರ್ಡಿಂಗ್ ಪಾಸು, ಬ್ಯಾಗಿನ ಚೀಟಿ ತಂದಿದ್ದೇನೆ. ಕೈಯಿಂದ ಕೈಗೆ ಕೊಡಿ. ಹೆಸರು ಎಲ್ಲಿದೆ, ಸೀಟು ಎಲ್ಲಿದೆ, ಹುಡುಕಿ ಓದಿ. ಹರಿದೀರಿ ಮತ್ತೆ, ಜೋಪಾನ.