ಕೊಟ್ಟ ಮದ್ದು, ಕಂಡ ಅಣು



ಈ ವಿಚಾರ ಸಂಕಿರಣದ ಆಶಯವನ್ನು ಒಂದೇ ಒಂದು ಮಾತ್ರೆಯ ಮೂಲಕ ಹೇಳಬಯಸುತ್ತೇನೆ. ಅದು ಐಸೋನಿಯಾಜಿಡ್, ಕ್ಷಯರೋಗಿಗೆ ಇಂದಿಗೂ ಮೊದಲು ಕೊಡುವ ಮದ್ದುಗಳಲ್ಲೊಂದು. 1912ರಲ್ಲೇ ಪ್ರಾಗ್‌ನಲ್ಲಿ ಹ್ಯಾನ್ಸ್ ಮೇಯರ್ ಮತ್ತು ಜೋಸೆಫ್ ಮ್ಯಾಲಿ ಅದನ್ನು ತಯಾರಿಸಿದ್ದರು. ಅದು ಕ್ಷಯದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಂದು ತಿಳಿದದ್ದು 1950ರ ದಶಕದ ಆರಂಭದಲ್ಲಿ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕೇಂದ್ರವೊಂದು ಇದನ್ನೂ ಪಿಎಎಸ್ ಔಷಧವನ್ನೂ ಕೊಟ್ಟು, ರೋಗಿಯನ್ನು ಸ್ಯಾನಟೋರಿಯಂಗೆ ಸೇರಿಸದೆ ಮನೆಯಲ್ಲೇ ವಾಸಿಮಾಡಬಹುದೆಂದು ತೋರಿಸಿಕೊಟ್ಟಿತು. ಇಷ್ಟೆಲ್ಲ ಆದರೂ ಆ ಮದ್ದು ಯಾವ ಕಿಣ್ವವನ್ನು ಹಿಡಿಯುತ್ತದೆಂಬುದು ಗೊತ್ತಿರಲಿಲ್ಲ.

1994ರಲ್ಲಿ ನ್ಯೂಯಾರ್ಕಿನ ವಿಲಿಯಂ ಜೇಕಬ್ಸ್ ಅವರ ತಂಡ ಇನ್‌ಎಚ್‌ಎ ಎಂಬ ಕಿಣ್ವದತ್ತ ಬೆರಳು ಮಾಡಿತು. ಬ್ಯಾಕ್ಟೀರಿಯಾದ ಮೇಣದಂಥ ಹೊರಗೋಡೆಗೆ ಬೇಕಾದ ಮೈಕೋಲಿಕ್ ಆಮ್ಲದ ಉದ್ದ ಸರಪಳಿಗಳನ್ನು ಬೆಳೆಸುವ ಕೆಲಸದಲ್ಲಿ ಅದರ ಪಾಲಿದೆ. ಮರುವರ್ಷವೇ ಅದರ ಸ್ಫಟಿಕ ಸಂರಚನೆ ಸಿಕ್ಕಿತು. ಆದರೆ ಶುದ್ಧ ಕಿಣ್ವಕ್ಕೆ ಐಸೋನಿಯಾಜಿಡ್ ಒಂದನ್ನೇ ಸೇರಿಸಿದರೆ ಕಿಣ್ವ ಸುಲಭಕ್ಕೆ ನಿಲ್ಲುವುದಿಲ್ಲ. ಹಾಗಾದರೆ ಒಳಗೆ ಕೂರುವುದು ಏನು?

1998ರಲ್ಲಿ ಜೇಮ್ಸ್ ಸ್ಯಾಕೆಟ್ಟಿನಿ ಮತ್ತು ಸಂಗಡಿಗರು ಕೊಟ್ಟ ಉತ್ತರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ ಕಂಡದ್ದು ನಾವು ಕೊಟ್ಟ ಅಣು ಅಲ್ಲವೇ ಅಲ್ಲ. ಮದ್ದಿನ ಒಂದು ತುಣುಕು, ಕಿಣ್ವದ ಸಹಾಯಕ ಅಣುವಾದ ಎನ್‌ಎಡಿಯ ನಿಕೋಟಿನಮೈಡ್ ಉಂಗುರದ ನಾಲ್ಕನೆಯ ಇಂಗಾಲಕ್ಕೆ ಬೆಸೆದುಕೊಂಡಿತ್ತು. 149ನೆಯ ಸ್ಥಾನದ ಫೀನೈಲ್‌ಅಲನಿನ್ ಪಕ್ಕಕ್ಕೆ ತಿರುಗಿ ಅದಕ್ಕೆ ಜಾಗ ಬಿಟ್ಟಿತ್ತು. ಅರ್ಧ ಮದ್ದು, ಅರ್ಧ ಜೀವಕೋಶದ್ದೇ ಸ್ವತ್ತು! ಈ ಮದ್ದನ್ನು ಮೊದಲು ಚುರುಕುಗೊಳಿಸುವುದೂ ಬ್ಯಾಕ್ಟೀರಿಯಾದ್ದೇ ಇನ್ನೊಂದು ಕಿಣ್ವ, ಕ್ಯಾಟ್‌ಜಿ.

ವಾರ್ಡಿನಲ್ಲಿ ಮದ್ದು ಸೋಲುವ ಬಗೆಯೂ ಇಲ್ಲಿಂದಲೇ ಅರ್ಥವಾಗುತ್ತದೆ. ಪ್ರತಿರೋಧ ತೋರುವ ಅನೇಕ ತಳಿಗಳಲ್ಲಿ ಇನ್‌ಎಚ್‌ಎ ಕಿಣ್ವಕ್ಕೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಕ್ಯಾಟ್‌ಜಿ. ಅದರ 315ನೆಯ ಸೆರೀನ್ ಜಾಗಕ್ಕೆ ಥ್ರಿಯೋನಿನ್ ಬಂದರೆ ಸಾಕು, ಮದ್ದು ಚುರುಕಾಗದೆ ಉಳಿಯುತ್ತದೆ. ಹಾಗಾಗಿಯೇ ಕ್ಯಾಟ್‌ಜಿಯ ಹಂಗಿಲ್ಲದೆ ಇನ್‌ಎಚ್‌ಎಯನ್ನು ನೇರವಾಗಿ ಹಿಡಿಯುವ ಅಣುಗಳಿಗಾಗಿ ಹುಡುಕಾಟ ನಡೆದಿದೆ. ಈ ಹುಡುಕಾಟ ನಮ್ಮ ಕಾಲದ ತುರ್ತು ಎಂದು ನಾನು ನಂಬಿದ್ದೇನೆ.

ಇನ್ನೊಂದು ಎಚ್ಚರವೂ ಬೇಕು. ಇನ್‌ಎಚ್‌ಎ ವರ್ಗದ ಕಿಣ್ವ ಮಲೇರಿಯಾ ಪರೋಪಜೀವಿಯಲ್ಲೂ ಇದೆ. ಟ್ರೈಕ್ಲೋಸಾನ್ ಎಂಬ ರಾಸಾಯನಿಕ ಅದನ್ನು ತಡೆಯುತ್ತದೆಂದು 2001ರಲ್ಲಿ ಬೆಂಗಳೂರಿನಿಂದ ನಮಿತಾ ಸುರೋಲಿಯಾ ಮತ್ತು ಅವಧೇಶ ಸುರೋಲಿಯಾ ವರದಿ ಮಾಡಿದಾಗ ಜಗತ್ತು ಇತ್ತ ನೋಡಿತು. ಮುಂದೆ ಆ ಕಿಣ್ವದ ವಂಶವಾಹಿಯನ್ನೇ ತೆಗೆದುಹಾಕಿ ನೋಡಿದವರಿಗೆ, ರಕ್ತದ ಹಂತದಲ್ಲಿ ಪರೋಪಜೀವಿ ಅದಿಲ್ಲದೆಯೂ ಬದುಕುವುದು ಕಂಡಿತು. ಅಣು ಕಿಣ್ವದಲ್ಲಿ ಚೆನ್ನಾಗಿ ಕೂತಿತೆಂದ ಮಾತ್ರಕ್ಕೆ ರೋಗ ಗುಣವಾದೀತೆಂದು ಭಾವಿಸುವಂತಿಲ್ಲ.

ಆದ್ದರಿಂದ ಈ ಎರಡು ದಿನ ವೈದ್ಯರೂ ಸ್ಫಟಿಕವಿಜ್ಞಾನಿಗಳೂ ಒಂದೇ ಕೋಣೆಯಲ್ಲಿ ಕೂತು ಮಾತಾಡಲಿ ಎಂಬುದು ನನ್ನ ಕೋರಿಕೆ. ಭಿತ್ತಿಪತ್ರ ಮಂಡಿಸುವ ವಿದ್ಯಾರ್ಥಿಗಳೇ, ಬಣ್ಣದ ಮಾದರಿಯ ಪಕ್ಕದಲ್ಲಿ ಔಷಧದ ಅಣುವನ್ನು ಬಿಟ್ಟು ಲೆಕ್ಕಹಾಕಿದ ಸಾಂದ್ರತೆಯ ನಕ್ಷೆಯನ್ನೂ ಇಡಿ. ನೋಡಲು ಬಂದವರು ಮೊದಲು ಅದನ್ನೇ ಕೇಳಲಿ.