ತಾಯಂದಿರು ಮುಚ್ಚಿಟ್ಟುಕೊಳ್ಳುವ ಒಂದು ವ್ಯಾಧಿಯನ್ನು ಕುರಿತು

(ಆಲಸನತ್ತಂನಲ್ಲಿ ಸೇರಿದ್ದ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ಸಭೆಗಳಲ್ಲಿ ವಿದ್ಯೆ, ಶೀಲ, ಶಿಸ್ತುಗಳನ್ನು ಕುರಿತು ಮಾತನಾಡುವುದು ವಾಡಿಕೆ. ಈ ದಿನ ನಾವು ಆರಿಸಿಕೊಂಡ ವಿಷಯವನ್ನು ಕೇಳಿ ಕೆಲವರಿಗೆ ಸಂಕೋಚವಾದೀತು. ಆದರೆ ಆ ಸಂಕೋಚವೇ ಈ ವ್ಯಾಧಿಯ ಅರ್ಧ ಪಾಲಾಗಿರುವುದರಿಂದ, ಸ್ವಲ್ಪ ಹೊತ್ತು ಅದನ್ನು ಬದಿಗಿಟ್ಟು ಆಲಿಸಬೇಕೆಂದು ಪ್ರಾರ್ಥಿಸುತ್ತೇವೆ.

ನಮ್ಮ ನೆರೆಯಲ್ಲಿ ಒಬ್ಬ ತಾಯಿ ಇದ್ದಾರೆ. ನಾಲ್ಕು ಮಕ್ಕಳನ್ನು ಹೆತ್ತವರು; ಗುಲಾಬಿ ತೋಟದಲ್ಲಿ ಕೂಲಿ ಮಾಡಿ ಮಕ್ಕಳನ್ನು ಓದಿಸುತ್ತಿರುವವರು. ಪ್ರತಿವರ್ಷವೂ ತಪ್ಪದೆ ಚಂದ್ರಚೂಡೇಶ್ವರನ ಬೆಟ್ಟ ಹತ್ತುತ್ತಿದ್ದ ಅವರು ಕೆಲವು ವರ್ಷಗಳಿಂದ ಹತ್ತುವುದನ್ನು ಬಿಟ್ಟರು. ಮದುವೆ ಮುಂಜಿಗಳಿಗೆ ಹೋಗುವುದನ್ನೂ ಬಿಟ್ಟರು. ಕಡೆಗೊಮ್ಮೆ ಆಸ್ಪತ್ರೆಗೆ ಹೋದರು. ಅಲ್ಲಿನ ವೈದ್ಯರು ಆಡುತ್ತಿದ್ದುದು ತಮಿಳು. ಈ ತಾಯಿ ಬಲ್ಲದ್ದು ಕನ್ನಡ, ಅಷ್ಟಿಷ್ಟು ತೆಲುಗು. ಆರನೆಯ ತರಗತಿಯ ಮಗ ಜೊತೆಗೆ ನಿಂತು ತಾಯಿಯ ಮಾತನ್ನು ತಮಿಳಿನಲ್ಲಿ ಹೇಳಬೇಕಾಯಿತು. ಹೆತ್ತ ಮಗನ ಬಾಯಲ್ಲಿ ಆ ಮಾತನ್ನು ಆಡಿಸುವುದು ಯಾವ ತಾಯಿಗೆ ಸಾಧ್ಯ? ‘ಸೊಂಟನೋವು’ ಎಂದಷ್ಟೇ ಹೇಳಿ, ನೋವಿನ ಗುಳಿಗೆಗಳನ್ನು ಪಡೆದು, ರೋಗವನ್ನು ಹಾಗೆಯೇ ಹೊತ್ತುಕೊಂಡು ಮನೆಗೆ ಬಂದರು.

ಆ ರೋಗವಾದರೂ ಏನು? ಹೆಂಗಸಿನ ಸೊಂಟದ ಬುಡದಲ್ಲಿ ಸ್ನಾಯುಗಳೂ ತಂತುಗಳೂ ಹೆಣೆದುಕೊಂಡು ಮಗುವಿನ ಜೋಲಿಯಂತೆ ಒಂದು ಆಧಾರವನ್ನು ನಿರ್ಮಿಸಿವೆ. ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಮಲಾಶಯ. ಈ ಮೂರನ್ನೂ ಆ ಜೋಲಿಯೇ ಹೊತ್ತಿದೆ. ಹಲವು ಹೆರಿಗೆಗಳಿಂದ, ದೀರ್ಘಕಾಲದ ಪ್ರಸವವೇದನೆಯಿಂದ, ಬಾಣಂತನ ಮುಗಿಯುವ ಮೊದಲೇ ಭಾರ ಹೊರುವುದರಿಂದ, ಬಹುಕಾಲದ ಕೆಮ್ಮು ಮಲಬದ್ಧತೆಗಳಿಂದ, ಮುಟ್ಟು ನಿಂತ ಮೇಲಿನ ವಯೋಧರ್ಮದಿಂದ ಈ ಜೋಲಿ ಸಡಿಲವಾಗುತ್ತದೆ. ಆಗ ಗರ್ಭಕೋಶವೋ ಮೂತ್ರಕೋಶವೋ ಕೆಳಕ್ಕೆ ಜಾರಿ, ಯೋನಿಯಲ್ಲಿ ಗಂಟಿನಂತೆ ಕೈಗೆ ತಗಲುತ್ತದೆ. ಸಂಜೆಯಾಗುತ್ತ ಭಾರ ಹೆಚ್ಚುವುದು, ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ತೊಟ್ಟಿಕ್ಕುವುದು ಇದರ ಲಕ್ಷಣಗಳು. ಇದು ಪಾಪದ ಫಲವಲ್ಲ, ಅಂಟುರೋಗವೂ ಅಲ್ಲ. ಆಧಾರವು ಸಡಿಲವಾಗಿದೆ, ಅಷ್ಟೆ.

ಇದನ್ನು ಮುಚ್ಚಿಡುವವರು ನಮ್ಮ ನೆರೆಯ ತಾಯಿ ಒಬ್ಬರೇ ಅಲ್ಲ. ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಡಾ॥ ರಾಣಿ ಬಂಗ್ ಮತ್ತು ಅವರ ಸಂಗಡಿಗರು ೬೫೦ ಸ್ತ್ರೀಯರನ್ನು ಪರೀಕ್ಷಿಸಿ, ೧೯೮೯ರಲ್ಲಿ ಆ ವಿವರವನ್ನು ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ೯೨ ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ವೈದ್ಯರಿಂದ ಅಂತಹ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ೮ ಮಂದಿ ಮಾತ್ರ.

ಈಗ ಪರಿಹಾರಕ್ಕೆ ಬರೋಣ. ‘ಗರ್ಭಕೋಶ ಜಾರಿದರೆ ತೆಗೆಸಿಹಾಕುವುದೇ ಗತಿ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಶಸ್ತ್ರಚಿಕಿತ್ಸೆ ಬೇಕಾದವರು ಉಂಟು. ಆದರೆ ಎಲ್ಲರಿಗೂ ಅದೇ ಮೊದಲ ದಾರಿಯಲ್ಲ. ಅಲ್ಪ ಪ್ರಮಾಣದ ಜಾರಿಕೆಗೂ ಮೂತ್ರದ ಸೋರಿಕೆಗೂ ವ್ಯಾಯಾಮವುಂಟು. ಅಮೆರಿಕದ ಡಾ॥ ಆರ್ನಾಲ್ಡ್ ಕೆಗೆಲ್ ಎಂಬುವರು ೧೯೪೮ರಲ್ಲಿ ಇದನ್ನು ವಿವರಿಸಿದರು. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನೇ ಬಿಗಿದು, ಸಡಿಲಿಸಿ, ಪ್ರತಿದಿನವೂ ಕೆಲವು ಬಾರಿ ತಿಂಗಳುಗಟ್ಟಲೆ ಅಭ್ಯಾಸಮಾಡಬೇಕು. ಒಮ್ಮೆ ತಿಳಿದವರಿಂದ ಕ್ರಮವನ್ನು ಕಲಿತರೆ ಮನೆಯಲ್ಲೇ ಮಾಡಬಹುದು.

ಎರಡನೆಯದು ಪೆಸರಿ ಎಂಬ ಸಾಧನ. ನಮ್ಮ ಹೆಂಗಸರು ಇದನ್ನು ‘ರಿಂಗು’ ಎನ್ನುತ್ತಾರೆ. ಇದು ಹೊಸದೇನಲ್ಲ, ಪ್ರಾಚೀನ ಗ್ರೀಸಿನ ವೈದ್ಯರು ಜಾರಿದ ಗರ್ಭಕೋಶಕ್ಕೆ ಒತ್ತಾಗಿ ದಾಳಿಂಬೆಯ ಹಣ್ಣನ್ನು ಬಳಸುತ್ತಿದ್ದರಂತೆ. ಈಗಿನದು ಮೆದುವಾದ ಸಿಲಿಕೋನಿನ ಬಳೆ. ಅದನ್ನು ಮಡಿಸಿ ಯೋನಿಯೊಳಗೆ ಇಟ್ಟರೆ ಒಳಗೆ ಬಿಚ್ಚಿಕೊಂಡು, ಜಾರುವ ಅಂಗವನ್ನು ಮೇಲಕ್ಕೆ ಹಿಡಿದಿಡುತ್ತದೆ. ಕೆಮ್ಮಿದಾಗ ಮೂತ್ರ ಸೋರುವವರಿಗೆಂದು ಸಣ್ಣ ಗುಬುಟುಳ್ಳ ಬಳೆಯೂ ಇದೆ; ಆ ಗುಬುಟು ಮೂತ್ರನಾಳಕ್ಕೆ ಒತ್ತಾಗಿ ನಿಂತು ಸೋರಿಕೆಯನ್ನು ತಡೆಯುತ್ತದೆ. ಆದರೆ ತಡೆಯಲಾರದ ಅವಸರದಿಂದ ಮೂತ್ರ ಹೋಗುವ ತೊಂದರೆಯೇ ಬೇರೆ; ಅದಕ್ಕೆ ಬೇರೆ ಚಿಕಿತ್ಸೆಯೇ ಬೇಕು.

ಬಳೆಗಾರನು ಕೈಯ ಅಳತೆ ನೋಡಿ ಬಳೆ ತೊಡಿಸುವಂತೆ, ಇದನ್ನೂ ವೈದ್ಯರು ಅಳತೆ ನೋಡಿಯೇ ಇಡಬೇಕು. ಇಟ್ಟ ಬಳಿಕ ಎದ್ದು ನಡೆದಾಡಿ, ಕೆಮ್ಮಿ, ಮೂತ್ರ ವಿಸರ್ಜಿಸಿ ನೋಡಿಯೇ ಮನೆಗೆ ಬರಬೇಕು. ಸರಿಯಾಗಿ ಕುಳಿತ ಬಳೆ ಒಳಗಿರುವುದೇ ತಿಳಿಯದು. ಮೊದಲನೆಯದು ಜಾರಿ ಬಿದ್ದರೆ ಧೈರ್ಯಗೆಡಬಾರದು. ಎರಡು ಮೂರು ಅಳತೆಗಳನ್ನು ನೋಡಬೇಕಾಗುವುದು ಸಾಮಾನ್ಯ. ಕೆಲವರಿಗೆ ಜಾರಿದ್ದು ಮೇಲಕ್ಕೆ ಹೋದೊಡನೆ ಹಿಂದಿಲ್ಲದ ಸೋರಿಕೆ ಕಾಣಿಸಿಕೊಳ್ಳುವುದುಂಟು. ಅದನ್ನೂ ವೈದ್ಯರಿಗೆ ತಿಳಿಸಬೇಕು. ಬಳೆಯ ಮಾದರಿಯ ಪೆಸರಿಯಿಂದ ದಾಂಪತ್ಯ ಜೀವನಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ಪೆಸರಿಯನ್ನು ಇಟ್ಟು ಮರೆಯಬಾರದು. ವೈದ್ಯರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ, ತೆಗೆದು ತೊಳೆದು ಒಳಗೆ ಹುಣ್ಣಾಗಿದೆಯೇ ಎಂದು ಪರೀಕ್ಷಿಸಬೇಕು. ವರ್ಷಗಟ್ಟಲೆ ಮರೆತ ಪೆಸರಿ ಮಾಂಸದಲ್ಲಿ ಹೂತು, ಮೂತ್ರಕೋಶಕ್ಕೋ ಮಲಾಶಯಕ್ಕೋ ರಂಧ್ರ ಮಾಡಿದ ಪ್ರಸಂಗಗಳುಂಟು. ರಕ್ತ, ದುರ್ವಾಸನೆ, ನೋವು ಕಂಡರೆ, ಇಲ್ಲವೆ ಮೂತ್ರ ಕಟ್ಟಿದರೆ, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ತಾವೇ ತೆಗೆದು ಸಾಬೂನು ನೀರಿನಲ್ಲಿ ತೊಳೆದು ಇಟ್ಟುಕೊಳ್ಳುವುದನ್ನು ಕಲಿತವರಿಗೆ ಇನ್ನೂ ಅನುಕೂಲ. ಬ್ರಿಟನ್ನಿನಲ್ಲಿ ೩೪೦ ಸ್ತ್ರೀಯರ ಮೇಲೆ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ತಾವೇ ನೋಡಿಕೊಂಡವರ ಜೀವನ ಆಸ್ಪತ್ರೆಗೆ ಹೋಗಿ ತೋರಿಸುತ್ತಿದ್ದವರಿಗಿಂತ ಕಡಮೆಯೇನೂ ಆಗಲಿಲ್ಲ.

ಹಾಗಾದರೆ ಶಸ್ತ್ರಚಿಕಿತ್ಸೆಯೊಡನೆ ಹೋಲಿಸಿದರೆ ಹೇಗೆ? ನೆದರ್ಲೆಂಡ್ಸ್ ದೇಶದಲ್ಲಿ ೪೪೦ ಸ್ತ್ರೀಯರನ್ನು ಎರಡು ಗುಂಪುಗಳಾಗಿ ಮಾಡಿ ಪರೀಕ್ಷಿಸಿದರು. ಎರಡು ವರ್ಷಗಳ ಬಳಿಕ, ಪೆಸರಿಯಿಂದ ಆರಂಭಿಸಿದವರಲ್ಲಿ ನೂರಕ್ಕೆ ಸುಮಾರು ೭೬ ಮಂದಿ, ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ ಸುಮಾರು ೮೧ ಮಂದಿ ತಮಗೆ ಗುಣ ಕಂಡಿದೆ ಎಂದರು. ಆದರೆ ಪೆಸರಿಯ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡಿದ್ದರೆಂಬುದನ್ನು ಮರೆಮಾಚಬಾರದು. ಪೆಸರಿ ಎಲ್ಲರಿಗೂ ಒಗ್ಗದು. ಆದರೂ ಒಗ್ಗಿದವರಿಗೆ ಕತ್ತರಿಯಿಲ್ಲದ ಪರಿಹಾರ. ಒಗ್ಗದವರಿಗೆ ಮುಂದಿನ ದಾರಿ ತೆರೆದೇ ಇರುತ್ತದೆ.

ಆಸ್ಪತ್ರೆ ದೂರವೆಂಬ ಮಾತಿಗೂ ಈಗ ಮೊದಲಿನ ಬಲವಿಲ್ಲ. ಹೊಸೂರಿನಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ೨೦೨೨ರಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆಯಿದೆ. ಬಾಗಿಲಲ್ಲಿ ಮಾತು ಬಾರದೆ ನಿಲ್ಲುವ ತಾಯಂದಿರಿಗೆ ನಮ್ಮ ಸಲಹೆ ಇಷ್ಟೆ: ‘ಗರ್ಭಪ್ಪೈ ಇರಕ್ಕಂ’ ಎಂಬ ಎರಡು ತಮಿಳು ಪದಗಳನ್ನು ನೆನಪಿಡಿರಿ. ಗರ್ಭಕೋಶ ಇಳಿದಿದೆ ಎಂದೇ ಅದರ ಅರ್ಥ. ಚೀಟಿಯಲ್ಲಿ ತಮಿಳು ಅಕ್ಷರದಲ್ಲಿ ಬರೆಸಿಕೊಂಡು ಹೋದರೂ ಆದೀತು. ಗಂಡುಮಗನನ್ನು ಹೊರಗೆ ಕೂರಿಸಿ, ಅಕ್ಕನನ್ನೋ ಅತ್ತಿಗೆಯನ್ನೋ ಜೊತೆಗೆ ಕರೆದೊಯ್ಯಿರಿ.

ಪಿತೃಗಳಲ್ಲಿಯೂ ಒಂದು ವಿಜ್ಞಾಪನೆ. ಹೆತ್ತವಳು ಆರು ವಾರವಾದರೂ ತುಂಬಿದ ಕೊಡ, ಹುಲ್ಲಿನ ಹೊರೆ ಎತ್ತದಂತೆ ನೋಡಿಕೊಳ್ಳಿರಿ. ಮಕ್ಕಳೇ, ತಾಯಿ ಭಾರ ಎತ್ತುವುದನ್ನು ಕಂಡರೆ ಪುಸ್ತಕ ಕೆಳಗಿಟ್ಟು ಕೈ ನೀಡಿರಿ, ಅದೂ ವಿದ್ಯೆಯೇ.

ನಾವು ಮೊದಲು ಹೇಳಿದ ತಾಯಿ ಮರುವರ್ಷ ತಮ್ಮ ಅತ್ತಿಗೆಯೊಡನೆ ಆಸ್ಪತ್ರೆಗೆ ಹೋದರು. ಮೊದಲ ಬಳೆ ನಿಲ್ಲಲಿಲ್ಲ, ಎರಡನೆಯದು ನಿಂತಿತು. ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ತೋರಿಸಿಕೊಳ್ಳುತ್ತಿದ್ದಾರೆ. ಈ ಸಲದ ತೇರಿನ ದಿನ ಅವರು ಬೆಟ್ಟದ ಮೆಟ್ಟಿಲನ್ನು ನಿಧಾನವಾಗಿ ಹತ್ತುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು. ಮಗ ಹಣ್ಣುಕಾಯಿಯ ಬುಟ್ಟಿಯನ್ನು ಹಿಡಿದು ಮುಂದೆ ನಡೆಯುತ್ತಿದ್ದನು. ಈ ಸಭೆಯಿಂದ ಮನೆಗೆ ಹೋದ ಮೇಲೆ ಒಬ್ಬ ತಾಯಿಯಾದರೂ ಬಾಯಿಬಿಟ್ಟು ಹೇಳಿಕೊಂಡರೆ ನಮ್ಮ ಶ್ರಮ ಸಾರ್ಥಕ.