ಪುಟ್ಟ ನಾಡಿನ ಫುಟ್‌ಬಾಲ್ ಪಾಠ



2016ರ ಜೂನ್ 27ರ ರಾತ್ರಿ ಫ್ರಾನ್ಸಿನ ನೀಸ್ ನಗರದಲ್ಲಿ ಯೂರೋಪಿಯನ್ ಚಾಂಪಿಯನ್‌ಷಿಪ್‌ನ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಒಂದು ಕಡೆ, ಈ ಆಟಕ್ಕೆ ನಿಯಮಗಳನ್ನು ರೂಪಿಸಿಕೊಟ್ಟ ಇಂಗ್ಲೆಂಡ್. ಇನ್ನೊಂದು ಕಡೆ, ಉತ್ತರ ಅಟ್ಲಾಂಟಿಕ್ ಸಾಗರದ ದ್ವೀಪರಾಷ್ಟ್ರ ಐಸ್‌ಲ್ಯಾಂಡ್. ಆಗ ಆ ದೇಶದ ಒಟ್ಟು ಜನಸಂಖ್ಯೆ ಸುಮಾರು 3 ಲಕ್ಷ 30 ಸಾವಿರ. 2011ರ ಜನಗಣತಿಯಂತೆ ನಮ್ಮ ಶಿವಮೊಗ್ಗ ನಗರ ಒಂದರಲ್ಲೇ ಹೆಚ್ಚುಕಡಿಮೆ ಇಷ್ಟು ಜನರಿದ್ದರು! ಪಂದ್ಯವನ್ನು ಐಸ್‌ಲ್ಯಾಂಡ್ 2–1 ಗೋಲುಗಳಿಂದ ಗೆದ್ದಿತು. 2018ರಲ್ಲಿ ರಷ್ಯದಲ್ಲಿ ನಡೆದ ವಿಶ್ವಕಪ್‌ನಲ್ಲೂ ಆಡಿತು. ಅಷ್ಟು ಕಡಿಮೆ ಜನರಿರುವ ದೇಶವೊಂದು ಅದುವರೆಗೆ ವಿಶ್ವಕಪ್‌ಗೆ ಅರ್ಹತೆ ಪಡೆದಿರಲಿಲ್ಲ. ಅದಕ್ಕಿಂತಲೂ ಚಿಕ್ಕದಾದ ಕುರಸಾವ್ ಆ ದಾಖಲೆಯನ್ನು ಮುರಿದದ್ದು 2025ರ ನವೆಂಬರಿನಲ್ಲಿ.

ಪತ್ರಿಕೆಗಳು ಇದನ್ನು ಪವಾಡವೆಂದು ಕರೆದವು. ಆದರೆ ಪವಾಡ ಎಂದುಬಿಟ್ಟರೆ ಅಲ್ಲಿ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಆದ್ದರಿಂದ ಇದರ ಹಿಂದಿನ ವ್ಯವಸ್ಥೆಯನ್ನು ಸ್ವಲ್ಪ ನೋಡೋಣ.

ವೃತ್ತಿಪರ ಫುಟ್‌ಬಾಲ್‌ಗೆ ಹಣ ಬೇಕು. ಟಿಕೆಟ್ ಮಾರಾಟ, ದೂರದರ್ಶನ ಪ್ರಸಾರದ ಹಕ್ಕು, ಪ್ರಾಯೋಜಕರು – ಇವೇ ಅದರ ಮುಖ್ಯ ಮೂಲಗಳು. ಆಗ ಮೂರೂವರೆ ಲಕ್ಷ ಜನರೂ ಇಲ್ಲದಿದ್ದ ನಾಡಿನಲ್ಲಿ ಈ ಮೂರೂ ಮೂಲಗಳು ಚಿಕ್ಕವೇ. ದೊಡ್ಡ ದೇಶಗಳನ್ನು ನೋಡಿ ಆಟಗಾರರಿಗೆ ಭಾರೀ ಸಂಬಳ ಕೊಡಲು ಹೊರಟರೆ ಕ್ಲಬ್ ಸಾಲದಲ್ಲಿ ಮುಳುಗುತ್ತದೆ. ಹಾಗಾದರೆ ಇರುವಷ್ಟು ಹಣವನ್ನು ಎಲ್ಲಿ ತೊಡಗಿಸಬೇಕು? ಐಸ್‌ಲ್ಯಾಂಡ್ ಎದುರಿಸಿದ ಪ್ರಶ್ನೆ ಇದು.

ಮೊದಲ ಉತ್ತರ, ಮೈದಾನ. ಅಲ್ಲಿಯ ಚಳಿಗಾಲ ದೀರ್ಘವಾದದ್ದು. ಹಗಲು ನಾಲ್ಕೈದು ಗಂಟೆಗೆ ಇಳಿಯುತ್ತದೆ, ಗಾಳಿ ಮತ್ತು ಹಿಮದಲ್ಲಿ ಹುಲ್ಲು ಉಳಿಯುವುದಿಲ್ಲ. ಹಿಂದಿನ ತಲೆಮಾರಿನವರು ಜಲ್ಲಿ ಹರಡಿದ ನೆಲದ ಮೇಲೆ ಆಡಿ ಮೊಣಕಾಲು ತರಚಿಕೊಂಡು ಬೆಳೆದವರು. 2000ದಲ್ಲಿ ಕೆಫ್ಲಾವಿಕ್ ಪಟ್ಟಣದಲ್ಲಿ ಪೂರ್ಣ ಅಳತೆಯ ಮೊದಲ ಒಳಾಂಗಣ ಫುಟ್‌ಬಾಲ್ ಮೈದಾನ ತಲೆಯೆತ್ತಿತು. ಅನಂತರ ಬೇರೆ ಊರುಗಳಲ್ಲೂ ಅಂಥವು ಬಂದವು. ಶಾಲೆಗಳ ಪಕ್ಕದಲ್ಲಿ ಕೃತಕ ಹುಲ್ಲಿನ ನೂರಕ್ಕೂ ಹೆಚ್ಚು ಪುಟ್ಟ ಮೈದಾನಗಳು ಸಿದ್ಧವಾದವು. ಇದರಲ್ಲಿ ಸ್ಥಳೀಯ ಆಡಳಿತಗಳ ಪಾತ್ರ ದೊಡ್ಡದು. ಹೀಗಾಗಿ ಮೈದಾನವು ಕ್ಲಬ್‌ನ ಲಾಭನಷ್ಟಕ್ಕೆ ಸಿಕ್ಕಿಕೊಳ್ಳದೆ, ಗ್ರಂಥಾಲಯದಂತೆ ಊರಿನ ಸೌಕರ್ಯವಾಯಿತು.

ಎರಡನೆಯ ಉತ್ತರ, ತರಬೇತುದಾರ. ಅನೇಕ ದೇಶಗಳಲ್ಲಿ ಒಳ್ಳೆಯ ತರಬೇತುದಾರರು ಹಿರಿಯರ ತಂಡಕ್ಕೆ ಮೀಸಲು. ಚಿಕ್ಕ ಮಕ್ಕಳಿಗೆ ಬಿಡುವಿದ್ದ ಯಾರೋ ಒಬ್ಬರು ಸೀಟಿ ಊದುತ್ತಾರೆ. ಐಸ್‌ಲ್ಯಾಂಡಿನಲ್ಲಿ ಆರೇಳು ವರ್ಷದ ಮಕ್ಕಳಿಗೂ ತರಬೇತಿ ಪಡೆದ, ಸಂಬಳ ಪಡೆಯುವ ಶಿಕ್ಷಕರೇ ಆಟ ಕಲಿಸುವ ಪದ್ಧತಿ ಬೆಳೆಯಿತು. 2016ರ ಹೊತ್ತಿಗೆ ಯೂರೋಪಿನ ಫುಟ್‌ಬಾಲ್ ಒಕ್ಕೂಟದ ‘ಬಿ’ ದರ್ಜೆಯ ಪರವಾನಗಿ ಪಡೆದವರು ಸುಮಾರು 600 ಮಂದಿ ಇದ್ದರು. ಅಂದರೆ ಐದಾರುನೂರು ಜನರಿಗೆ ಒಬ್ಬರು! ಇವರಲ್ಲಿ ಹೆಚ್ಚಿನವರಿಗೆ ಬೇರೆ ಉದ್ಯೋಗವೂ ಇತ್ತು. ಆಗ ರಾಷ್ಟ್ರೀಯ ತಂಡದ ತರಬೇತುದಾರರಾಗಿದ್ದ ಹೈಮಿರ್ ಹಾಲ್‌ಗ್ರಿಮ್ಸನ್ ವೃತ್ತಿಯಿಂದ ದಂತವೈದ್ಯರು.

ಈ ವ್ಯವಸ್ಥೆಗೆ ದೊಡ್ಡ ಪರೀಕ್ಷೆ ಬಂದದ್ದು 2008ರ ಅಕ್ಟೋಬರಿನಲ್ಲಿ. ಆಗ ದೇಶದ ಮೂರು ದೊಡ್ಡ ಬ್ಯಾಂಕುಗಳು ಒಂದೇ ವಾರದಲ್ಲಿ ಕುಸಿದವು. ಪ್ರಾಯೋಜಕರು ಹಿಂದೆ ಸರಿದರು. ವಿದೇಶಿ ಆಟಗಾರರಿಗೆ ಸಂಬಳ ಕೊಡುವುದು ಕ್ಲಬ್‌ಗಳಿಗೆ ಕಷ್ಟವಾಯಿತು. ಆದರೆ ಕಟ್ಟಿದ ಮೈದಾನಗಳು ಎಲ್ಲಿಗೂ ಹೋಗಲಿಲ್ಲ, ಕಲಿತ ತರಬೇತುದಾರರೂ ಊರಲ್ಲೇ ಇದ್ದರು. ಖಾಲಿಯಾದ ಜಾಗಗಳಲ್ಲಿ ಊರಿನ ಹುಡುಗರಿಗೆ ಅವಕಾಶ ದೊರೆಯಿತು. 2011ರಲ್ಲಿ 21 ವರ್ಷದೊಳಗಿನವರ ಐಸ್‌ಲ್ಯಾಂಡ್ ತಂಡ ಮೊದಲ ಬಾರಿಗೆ ಯೂರೋಪಿಯನ್ ಚಾಂಪಿಯನ್‌ಷಿಪ್‌ನ ಅಂತಿಮ ಹಂತ ತಲುಪಿತು. ಐದು ವರ್ಷಗಳ ನಂತರ ಇಂಗ್ಲೆಂಡನ್ನು ಸೋಲಿಸಿದ ತಂಡದ ಬೆನ್ನೆಲುಬು ಇದೇ ಹುಡುಗರು.

ಹಾಗಾದರೆ ಅವರ ದೇಶೀಯ ಲೀಗ್ ಪೂರ್ತಿ ವೃತ್ತಿಪರವೇ ಎಂದು ನೀವು ಕೇಳಬಹುದು. ಇಲ್ಲ. 2018ರ ವಿಶ್ವಕಪ್ ಆಡಿದ ರಕ್ಷಣಾ ಆಟಗಾರ ಬಿರ್ಕಿರ್ ಮೌರ್ ಸೈವರ್ಸನ್ ಆಗ ರೇಕ್ಯಾವಿಕ್‌ನ ವಾಲುರ್ ಕ್ಲಬ್‌ಗೆ ಆಡುತ್ತ, ಉಪ್ಪು ಪ್ಯಾಕ್ ಮಾಡುವ ಕಾರ್ಖಾನೆಯಲ್ಲೂ ದುಡಿಯುತ್ತಿದ್ದರು. ಆದಾಯ ಎಷ್ಟು ತಡೆಯುತ್ತದೋ ಅಷ್ಟೇ ಸಂಬಳ. ಪ್ರತಿಭೆ ಹೆಚ್ಚಿದವರು ಹದಿಹರೆಯದಲ್ಲೇ ಹೊರದೇಶಗಳ ಕ್ಲಬ್‌ಗಳಿಗೆ ಹೋಗುತ್ತಾರೆ.

ಇದು ನಷ್ಟವೇ? ಪೂರ್ತಿ ನಷ್ಟವಲ್ಲ. ಆಟಗಾರನೊಬ್ಬ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ವರ್ಗವಾದಾಗ, ಆ ಮೊತ್ತದ ಶೇಕಡಾ 5ರಷ್ಟು ಭಾಗ, 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕೆಂದು ಫಿಫಾ ನಿಯಮ ಹೇಳುತ್ತದೆ. ಒಂದು ಲೆಕ್ಕ ಮಾಡೋಣ. ಒಬ್ಬ ಹುಡುಗ 12ರಿಂದ 17ರವರೆಗೆ ತನ್ನೂರಿನ ಕ್ಲಬ್‌ನಲ್ಲಿದ್ದ. ಮುಂದೆ ಎಂದೋ ಅವನು ಒಂದು ಕೋಟಿ ಯೂರೋಗೆ ವರ್ಗವಾದ ಎಂದಿಟ್ಟುಕೊಳ್ಳಿ. ಊರಿನ ಕ್ಲಬ್‌ಗೆ ಅದರ ಶೇಕಡಾ 2, ಅಂದರೆ ಎರಡು ಲಕ್ಷ ಯೂರೋ ಬರುತ್ತದೆ. ಚಿಕ್ಕ ಕ್ಲಬ್‌ಗೆ ಇದು ಸಣ್ಣ ಮೊತ್ತವಲ್ಲ. ಅದನ್ನು ಒಬ್ಬ ತಾರೆಯನ್ನು ಕೊಳ್ಳಲು ಸುರಿದರೆ ಒಂದೇ ಋತುವಿನಲ್ಲಿ ಕರಗುತ್ತದೆ. ಮಕ್ಕಳ ತರಬೇತಿಗೆ ಹಾಕಿದರೆ ಮತ್ತೆ ಹತ್ತು ಹುಡುಗರು ಬೆಳೆಯುತ್ತಾರೆ.

ಮಿತ್ರರೇ, ಈ ಕತೆಯಲ್ಲಿ ಎಲ್ಲವೂ ಸುಗಮವಾಗಿಲ್ಲ. ಆ ಚಿನ್ನದಂಥ ತಲೆಮಾರಿಗೆ ವಯಸ್ಸಾಯಿತು. 2020 ಮತ್ತು 2024ರ ಯೂರೋಪಿಯನ್ ಚಾಂಪಿಯನ್‌ಷಿಪ್‌ಗಳಿಗಾಗಲಿ, 2022 ಮತ್ತು 2026ರ ವಿಶ್ವಕಪ್‌ಗಳಿಗಾಗಲಿ ಪುರುಷರ ತಂಡ ಅರ್ಹತೆ ಪಡೆಯಲಿಲ್ಲ. 2021ರಲ್ಲಿ ಆಟಗಾರರ ಮೇಲೆ ಬಂದ ಲೈಂಗಿಕ ದೌರ್ಜನ್ಯದ ದೂರುಗಳನ್ನು ಫುಟ್‌ಬಾಲ್ ಸಂಸ್ಥೆ ನಿರ್ವಹಿಸಿದ ರೀತಿಗೆ ತೀವ್ರ ಟೀಕೆ ಎದ್ದು, ಅಧ್ಯಕ್ಷರೂ ಆಡಳಿತ ಮಂಡಳಿಯೂ ರಾಜೀನಾಮೆ ಕೊಡಬೇಕಾಯಿತು. ಮೈದಾನ, ತರಬೇತಿ ಇದ್ದರಷ್ಟೇ ಸಾಲದು, ಆಡಳಿತವೂ ಜನರಿಗೆ ಉತ್ತರ ಹೇಳುವಂತಿರಬೇಕು ಎಂಬುದನ್ನು ಆ ದೇಶ ಕಷ್ಟಪಟ್ಟು ಕಲಿಯಿತು. ಸೌಕರ್ಯದ ಕೊರತೆಯೂ ಇತ್ತು. 2025ರ ಫೆಬ್ರವರಿಯಲ್ಲಿ ರೇಕ್ಯಾವಿಕ್‌ನ ವಿಕಿಂಗುರ್ ಕ್ಲಬ್ ತನ್ನ ‘ತವರಿನ’ ಪಂದ್ಯವನ್ನು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಆಡಬೇಕಾಯಿತು. ಚಳಿಗಾಲದಲ್ಲಿ ಯೂರೋಪಿನ ಕ್ಲಬ್ ಪಂದ್ಯಕ್ಕೆ ತಕ್ಕ ಕ್ರೀಡಾಂಗಣ ತಾಯ್ನಾಡಿನಲ್ಲಿ ಇರಲಿಲ್ಲ.

ಆದರೂ ಕಟ್ಟಿದ್ದು ಕುಸಿಯಲಿಲ್ಲ. ಮಹಿಳೆಯರ ತಂಡ 2009ರಿಂದ 2025ರವರೆಗೆ ಸತತ ಐದು ಯೂರೋಪಿಯನ್ ಚಾಂಪಿಯನ್‌ಷಿಪ್‌ಗಳಲ್ಲಿ ಆಡಿದೆ. 2023ರಲ್ಲಿ ಬ್ರೇಡಾಬ್ಲಿಕ್ ಕ್ಲಬ್, ಯೂರೋಪಿಯನ್ ಕ್ಲಬ್ ಪಂದ್ಯಾವಳಿಯ ಗುಂಪು ಹಂತ ತಲುಪಿದ ಐಸ್‌ಲ್ಯಾಂಡಿನ ಮೊದಲ ಪುರುಷರ ಕ್ಲಬ್ ಎನಿಸಿತು. ಇಂಗ್ಲೆಂಡನ್ನು ಸೋಲಿಸಿದ ಹುಡುಗರು ನಿವೃತ್ತಿಯ ಹಾದಿ ಹಿಡಿಯುತ್ತಿದ್ದಾಗ ನಡೆದ ಸಂಗತಿ ಇದು.

ಮುಂದಿನ ಸಲ ದೂರದರ್ಶನದಲ್ಲಿ ಯಾವುದಾದರೂ ತಂಡ ಕಪ್ ಎತ್ತಿಹಿಡಿಯುವುದನ್ನು ನೋಡುವಾಗ ಒಂದು ಕ್ಷಣ ಯೋಚಿಸಿ. ಆ ಊರಿನ ಹತ್ತು ವರ್ಷದ ಹುಡುಗನಿಗೂ ಹುಡುಗಿಗೂ ಮಳೆ-ಚಳಿಯಲ್ಲಿ ಆಡಲು ಜಾಗವಿದೆಯೇ? ಕಲಿಸಲು ತಿಳಿದವರಿದ್ದಾರೆಯೇ? ಈ ವರ್ಷ ಪ್ರಾಯೋಜಕರು ಕೈಬಿಟ್ಟರೆ ಮುಂದಿನ ವರ್ಷವೂ ಅಲ್ಲಿ ಆಟ ನಡೆಯುತ್ತದೆಯೇ? ಈ ಮೂರಕ್ಕೂ ‘ಹೌದು’ ಎನ್ನಬಲ್ಲ ನಾಡು ಎಷ್ಟೇ ಚಿಕ್ಕದಾಗಿರಲಿ, ಅಲ್ಲಿ ಫುಟ್‌ಬಾಲ್ ಉಳಿಯುತ್ತದೆ.